ಒಡೆದ ಮನೆಯ ಕಥೆ

ಯುದ್ಧಗಳಲ್ಲೆಲ್ಲ ಅತ್ಯಂತ ದಾರುಣವಾದುದು ಒಂದೇ ದೇಶದ ಜನ ತಮ್ಮತಮ್ಮೊಳಗೆ ಹೂಡುವ ಯುದ್ಧ. ಪರದೇಶದ ಶತ್ರು ದಂಡೆತ್ತಿ ಬಂದಾಗ ನಾಡಿನ ಜನ ಒಂದಾಗಿ ನಿಲ್ಲುತ್ತಾರೆ. ಯುದ್ಧ ಮುಗಿದ ಮೇಲೆ ಶತ್ರು ತನ್ನ ನಾಡಿಗೆ ಹಿಂದಿರುಗುವುದುಂಟು. ಅಂತರ್ಯುದ್ಧದಲ್ಲಿ ಹಾಗಲ್ಲ. ಅಲ್ಲಿ ಎದುರುಬದುರಾಗಿ ನಿಲ್ಲುವವರು ಅಣ್ಣತಮ್ಮಂದಿರು, ನೆಂಟರು, ಒಂದೇ ಶಾಲೆಯಲ್ಲಿ ಕಲಿತವರು. ಗೆದ್ದವನೂ ಸೋತವನೂ ಮರುದಿನದಿಂದ ಅದೇ ನೆಲವನ್ನು ಉತ್ತು, ಅದೇ ಬಾವಿಯ ನೀರನ್ನು ಕುಡಿದು ಬಾಳಬೇಕು. ಆದುದರಿಂದ ಇಂತಹ ಯುದ್ಧದ ಕಥೆಯನ್ನು ಹೇಳುವವರ ಹೊಣೆ ಬಹಳ ದೊಡ್ಡದು. ಕಥೆಯನ್ನು ಯಾರ ಬಾಯಿಂದ ಹೇಳಿಸಬೇಕು? ಯಾರ ನೋವನ್ನು ಮೊದಲು ಎಣಿಸಬೇಕು? ಬರೆದಿಟ್ಟ ದಾಖಲೆಗಳಲ್ಲಿ ಯಾರ ದನಿಯೇ ಇಲ್ಲವೋ ಅವರ ಪರವಾಗಿ ಮಾತನಾಡುವವರು ಯಾರು?

ದಾಯಾದಿ ಕಲಹದ ಕಥೆ ಕನ್ನಡಿಗರಿಗೆ ಹೊಸದಲ್ಲ. ತುಮಕೂರು ಜಿಲ್ಲೆಯ ಮಾಯಸಂದ್ರ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ, ನಾಡಿನ ಇತರ ಭಾಗಗಳಲ್ಲಿರುವಂತೆಯೇ, ಕೌರವ ಪಾಂಡವರ ಕಥೆಯನ್ನು ಓದುಬರಹ ಬಾರದವರೂ ಬಲ್ಲರು. ಅದು ಅವರಿಗೆ ತಲಪಿದ ದಾರಿಗಳು ಹಲವು. ಕುಮಾರವ್ಯಾಸನ ಭಾರತವನ್ನು ಗಮಕಿಯು ರಾಗವಾಗಿ ಓದಿದರೆ ವ್ಯಾಖ್ಯಾನಕಾರನು ಅದರ ಅರ್ಥವನ್ನು ಬಿಡಿಸಿ ಹೇಳುತ್ತಾನೆ. ಮೂಡಲಪಾಯದ ಆಟದಲ್ಲಿ ಅದೇ ಕಥೆ ಮದ್ದಳೆಯ ಗತಿಗೆ ಕುಣಿಯುತ್ತದೆ. ತೊಗಲುಗೊಂಬೆಯ ಆಟದಲ್ಲಿ ಬಿಳಿಯ ಪರದೆಯ ಹಿಂದೆ ದೀಪವನ್ನಿಟ್ಟು, ಬಣ್ಣದ ತೊಗಲಿನ ಚಿತ್ರಗಳನ್ನು ಆಡಿಸುತ್ತ, ಕಲಾವಿದನು ಹಾಡಿ ಮಾತನಾಡಿದಾಗ ಜೀವವಿಲ್ಲದ ಚಿತ್ರಗಳಿಗೆ ಜೀವ ಬರುತ್ತದೆ. ಇನ್ನು ಊರ ಹೊರಗೆ, ಕೆರೆಯ ಏರಿಯ ಬಳಿಯಲ್ಲಿ ಕಾಣಸಿಗುವ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಮಡಿದ ವೀರನನ್ನು ಅಪ್ಸರೆಯರು ಕೊಂಡೊಯ್ಯುವ ನೋಟ, ಮೇಲಿನದರಲ್ಲಿ ದೇವರ ಸನ್ನಿಧಿ. ಹೀಗೆ ಒಂದೇ ಕಲ್ಲಿನಲ್ಲಿ ಕಥೆಯು ಚಿತ್ರದಿಂದ ಚಿತ್ರಕ್ಕೆ ಸಾಗುತ್ತದೆ. ಆದರೆ ಆ ಕಲ್ಲನ್ನು ನಿಲ್ಲಿಸಿದವರು ವೀರನ ಕಡೆಯವರು. ಎದುರು ಪಕ್ಷದಲ್ಲಿ ಬಿದ್ದವನ ಮನೆಯವರ ಅಳಲಿಗೆ ಅಲ್ಲಿ ಸಾಮಾನ್ಯವಾಗಿ ಎಡೆಯಿರುವುದಿಲ್ಲ.

ಚಿತ್ರ, ವಾಚನ, ವ್ಯಾಖ್ಯಾನ, ಸಂಗೀತ ಎಂಬ ಈ ನಾಲ್ಕು ಸಾಧನಗಳನ್ನೇ ಬಳಸಿಕೊಂಡು, ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಕಲಾವಿದರೊಬ್ಬರು ತಮ್ಮ ದೇಶದ ಅಂತರ್ಯುದ್ಧವನ್ನು ಕುರಿತು ಸಾಕ್ಷ್ಯಚಿತ್ರಗಳ ಮಾಲಿಕೆಯೊಂದನ್ನು ನಿರ್ಮಿಸಿದರು. ಅವರ ಹೆಸರು ಕೆನ್ ಬರ್ನ್ಸ್. ‘ಅಂತರ್ಯುದ್ಧ’ ಎಂಬ ಅರ್ಥದ ಹೆಸರನ್ನೇ ಹೊತ್ತ ಆ ಮಾಲಿಕೆ ೯ ಕಂತುಗಳದು. ಅದನ್ನು ಪೂರ್ತಿಯಾಗಿ ನೋಡಲು ಸುಮಾರು ೧೧ ಗಂಟೆಗಳು ಬೇಕು. ನಾಲ್ಕು ವರ್ಷ ನಡೆದ ಯುದ್ಧದ ಚಿತ್ರವನ್ನು ಸಿದ್ಧಪಡಿಸಲು ಐದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತೆಂಬುದು ಆ ಕೆಲಸದ ಗುರುತ್ವವನ್ನು ಸೂಚಿಸುತ್ತದೆ.

ಆ ಯುದ್ಧದ ಹಿನ್ನೆಲೆಯನ್ನು ಸ್ವಲ್ಪ ತಿಳಿಯುವುದು ಅವಶ್ಯಕ. ೧೮೬೦ರ ಜನಗಣತಿಯಂತೆ ಅಮೆರಿಕ ಸಂಯುಕ್ತ ಸಂಸ್ಥಾನಗಳ ಜನಸಂಖ್ಯೆ ಸುಮಾರು ೩ ಕೋಟಿ ೧೪ ಲಕ್ಷ. ಅವರಲ್ಲಿ ೪೦ ಲಕ್ಷದಷ್ಟು ಮಂದಿ ಆಫ್ರಿಕಾ ಮೂಲದ ಗುಲಾಮರು. ದಕ್ಷಿಣದ ರಾಜ್ಯಗಳ ಹತ್ತಿಯ ಹೊಲಗಳು ಅವರ ಬೆವರಿನಿಂದ ಬೆಳೆಯುತ್ತಿದ್ದುವು. ಅವರನ್ನು ದನಕರುಗಳಂತೆ ಮಾರುತ್ತಿದ್ದರು. ತಾಯಿಯನ್ನು ಒಬ್ಬನಿಗೆ, ಮಗುವನ್ನು ಇನ್ನೊಬ್ಬನಿಗೆ ವಿಕ್ರಯಿಸುವುದಕ್ಕೂ ಹೆಚ್ಚಿನ ಕಡೆಗಳಲ್ಲಿ ಕಾನೂನಿನ ಅಡ್ಡಿಯಿರಲಿಲ್ಲ. ಅಬ್ರಹಾಂ ಲಿಂಕನ್ ೧೮೫೮ರಲ್ಲಿ ಮಾಡಿದ ಭಾಷಣವೊಂದರಲ್ಲಿ ಬೈಬಲ್ಲಿನ ಮಾತನ್ನು ನೆನೆದು, ಅರ್ಧ ಸ್ವತಂತ್ರವೂ ಅರ್ಧ ಗುಲಾಮವೂ ಆದ ದೇಶವನ್ನು ಒಡೆದ ಮನೆಗೆ ಹೋಲಿಸಿದ್ದನು. ಗುಲಾಮಗಿರಿಯು ಹೊಸ ಪ್ರಾಂತಗಳಿಗೆ ಹಬ್ಬಬಾರದೆಂಬುದು ಆತನ ನಿಲುವು. ೧೮೬೦ರಲ್ಲಿ ಆತನು ರಾಷ್ಟ್ರಾಧ್ಯಕ್ಷನಾಗಿ ಆರಿಸಿಬಂದ ಮೇಲೆ ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟವನ್ನು ತ್ಯಜಿಸಿದುವು; ಕೊನೆಗೆ ಹಾಗೆ ಹೊರನಡೆದ ರಾಜ್ಯಗಳ ಸಂಖ್ಯೆ ೧೧ ಆಯಿತು. ೧೮೬೧ರ ಏಪ್ರಿಲ್ ೧೨ರಂದು ಸಮ್ಟರ್ ಕೋಟೆಯ ಮೇಲೆ ಹಾರಿದ ಫಿರಂಗಿ ಗುಂಡಿನೊಡನೆ ಆರಂಭವಾದ ಯುದ್ಧವು, ೧೮೬೫ರ ಏಪ್ರಿಲ್ ೯ರಂದು ದಕ್ಷಿಣದ ಸೇನಾನಿ ರಾಬರ್ಟ್ ಲೀ ಶರಣಾಗುವುದರೊಡನೆ ಬಹುಮಟ್ಟಿಗೆ ಮುಗಿಯಿತು. ಐದು ದಿನಗಳ ಬಳಿಕ ಲಿಂಕನ್ ಕೊಲೆಗಾರನ ಗುಂಡಿಗೆ ಗುರಿಯಾದನು. ಅದೇ ವರ್ಷದ ಡಿಸೆಂಬರಿನಲ್ಲಿ ಸಂವಿಧಾನದ ತಿದ್ದುಪಡಿಯ ಮೂಲಕ ಗುಲಾಮಗಿರಿಯು ರದ್ದಾಯಿತು.

೧೯೫೩ರಲ್ಲಿ ಹುಟ್ಟಿದ ಬರ್ನ್ಸ್ ಈ ಕಥೆಯನ್ನು ಚಿತ್ರದಲ್ಲಿ ಹೇಳಲು ಹೊರಟಾಗ ಅವರ ಮುಂದೆ ಎರಡು ದೊಡ್ಡ ತೊಡಕುಗಳಿದ್ದುವು. ಮೊದಲನೆಯದು, ಆ ಯುದ್ಧ ನಡೆದ ಕಾಲದಲ್ಲಿ ಚಲನಚಿತ್ರವೇ ಇರಲಿಲ್ಲ. ಪ್ಯಾರಿಸ್ ನಗರದಲ್ಲಿ ಲ್ಯೂಮಿಯೇರ್ ಸೋದರರು ಹಣ ಕೊಟ್ಟು ಬಂದ ಪ್ರೇಕ್ಷಕರಿಗೆ ಚಲಿಸುವ ಚಿತ್ರಗಳನ್ನು ತೋರಿಸಿದ್ದು ೧೮೯೫ರಲ್ಲಿ. ಎರಡನೆಯದು, ಯುದ್ಧವನ್ನು ಕಂಡವರು ಯಾರೂ ಉಳಿದಿರಲಿಲ್ಲ. ಸ್ಪೇನಿನಲ್ಲಿ ೧೯೩೬ರಿಂದ ೧೯೩೯ರ ವರೆಗೆ ನಡೆದ ಅಂತರ್ಯುದ್ಧವನ್ನು ಕುರಿತು ೧೯೮೩ರಲ್ಲಿ ಬ್ರಿಟನ್ನಿನ ದೂರದರ್ಶನ ಸಂಸ್ಥೆಯೊಂದು ಆರು ಕಂತುಗಳ ಮಾಲಿಕೆಯನ್ನು ತಯಾರಿಸಿದಾಗ, ಎರಡು ಪಕ್ಷಗಳಲ್ಲಿಯೂ ಹೋರಾಡಿದವರು ಬದುಕಿದ್ದು ಕ್ಯಾಮರಾದ ಮುಂದೆ ಮಾತನಾಡಿದರು. ಹಳೆಯ ವಾರ್ತಾಚಿತ್ರಗಳೂ ದೊರೆತುವು. ಬರ್ನ್ಸ್ ಅವರಿಗೆ ಇವೆರಡೂ ಇರಲಿಲ್ಲ. ನಟರಿಗೆ ವೇಷ ತೊಡಿಸಿ ಕದನಗಳನ್ನು ಅಭಿನಯಿಸುವ ದಾರಿಯನ್ನು ಅವರು ಹಿಡಿಯಲಿಲ್ಲ. ಇದ್ದುದರಿಂದಲೇ ಕಥೆಯನ್ನು ಕಟ್ಟಬೇಕೆಂದು ನಿರ್ಧರಿಸಿದರು.

ಇದ್ದುದೆಂದರೆ ಛಾಯಾಚಿತ್ರಗಳು. ಅಮೆರಿಕದ ಅಂತರ್ಯುದ್ಧವು ಬಹು ವಿಸ್ತಾರವಾಗಿ ಛಾಯಾಚಿತ್ರಗಳಲ್ಲಿ ದಾಖಲಾದ ಮೊದಮೊದಲಿನ ಯುದ್ಧಗಳಲ್ಲಿ ಒಂದು. ಆಗಿನ ಛಾಯಾಗ್ರಾಹಕನ ಕೆಲಸ ಇಂದಿನಂತೆ ಸುಲಭವಾಗಿರಲಿಲ್ಲ. ಗಾಜಿನ ಫಲಕಕ್ಕೆ ಅಂಟುದ್ರಾವಣವನ್ನು ಬಳಿದು, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಅದು ಒದ್ದೆಯಾಗಿರುವಾಗಲೇ ಚಿತ್ರವನ್ನು ತೆಗೆದು, ಒಡನೆಯೇ ಕತ್ತಲೆಯಲ್ಲಿ ಸಂಸ್ಕರಿಸಬೇಕಾಗಿತ್ತು. ಇದಕ್ಕಾಗಿ ಕುದುರೆ ಬಂಡಿಯನ್ನೇ ಕತ್ತಲೆ ಕೋಣೆಯನ್ನಾಗಿ ಮಾಡಿಕೊಂಡು ದಂಡಿನ ಹಿಂದೆ ಅಲೆಯುತ್ತಿದ್ದರು. ಚಿತ್ರವು ಮೂಡಲು ಹಲವು ಸೆಕೆಂಡುಗಳು ಬೇಕಾಗಿದ್ದುದರಿಂದ ಓಡುವ ಕುದುರೆಯನ್ನಾಗಲಿ, ಕೋವಿ ಹಾರಿಸುವ ಸಿಪಾಯಿಯನ್ನಾಗಲಿ ಹಿಡಿಯುವುದು ಅಸಾಧ್ಯವಾಗಿತ್ತು. ಅಲುಗದಿರುವುದನ್ನು ಮಾತ್ರ ಆ ಕ್ಯಾಮರಾ ಕಾಣುತ್ತಿತ್ತು. ಯುದ್ಧಭೂಮಿಯಲ್ಲಿ ಅಲುಗದಿರುವವರೆಂದರೆ ಸತ್ತವರು. ೧೮೬೨ರ ಸೆಪ್ಟೆಂಬರ್ ೧೭ರಂದು ಆಂಟೀಟಮ್ ಎಂಬಲ್ಲಿ ಒಂದೇ ದಿನದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು ೨೩,೦೦೦ ಮಂದಿ. ಅಲ್ಲಿ ಅಲೆಗ್ಸಾಂಡರ್ ಗಾರ್ಡ್‌ನರ್ ತೆಗೆದ ಚಿತ್ರಗಳನ್ನು ಮರುತಿಂಗಳು ಮ್ಯಾಥ್ಯೂ ಬ್ರಾಡಿಯು ನ್ಯೂಯಾರ್ಕಿನ ತನ್ನ ಚಿತ್ರಶಾಲೆಯಲ್ಲಿ ಪ್ರದರ್ಶಿಸಿದಾಗ, ಪತ್ರಿಕೆಗಳಲ್ಲಿ ಯುದ್ಧದ ವರ್ಣನೆಯನ್ನು ಓದಿದ್ದ ನಗರವಾಸಿಗಳು ಯುದ್ಧದ ನಿಜವಾದ ಮುಖವನ್ನು ಮೊದಲ ಬಾರಿಗೆ ಕಂಡರು.

ಬರ್ನ್ಸ್ ಮತ್ತು ಅವರ ಸಂಗಡಿಗರು ಗ್ರಂಥಾಲಯಗಳನ್ನೂ ಸಂಗ್ರಹಾಲಯಗಳನ್ನೂ ಶೋಧಿಸಿ, ಛಾಯಾಚಿತ್ರ, ವರ್ಣಚಿತ್ರ, ಪತ್ರಿಕೆಯ ಪುಟ ಎಲ್ಲವೂ ಸೇರಿ ಸುಮಾರು ೧೬,೦೦೦ ಚಿತ್ರಗಳನ್ನು ಚಿತ್ರೀಕರಿಸಿಕೊಂಡರು. ಸ್ಥಿರಚಿತ್ರವನ್ನು ಕ್ಯಾಮರಾದ ಮುಂದೆ ನಿಲ್ಲಿಸಿ, ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಮೆಲ್ಲನೆ ಸರಿದು, ಒಮ್ಮೆ ಕೈಯಲ್ಲಿರುವ ಕೋವಿಯ ಬಳಿಗೆ ಸಾಗಿ, ಒಮ್ಮೆ ಹಿಂದೆ ಸರಿದು ಇಡೀ ಪಾಳೆಯವನ್ನು ತೋರಿಸಿ, ಅವರು ಚಲನೆಯಿಲ್ಲದ ಚಿತ್ರಕ್ಕೆ ಚಲನೆಯನ್ನು ತಂದರು. ಈ ವಿಧಾನವನ್ನು ಕಂಡುಹಿಡಿದವರು ಅವರೇ ಅಲ್ಲ. ಕೆನಡಾ ದೇಶದ ರಾಷ್ಟ್ರೀಯ ಚಲನಚಿತ್ರ ಮಂಡಳಿಯು ೧೯೫೭ರಲ್ಲಿ ನಿರ್ಮಿಸಿದ, ಚಿನ್ನದ ಗಣಿಯ ಊರೊಂದನ್ನು ಕುರಿತ ಕಿರುಚಿತ್ರದಲ್ಲಿ ಹಳೆಯ ಛಾಯಾಚಿತ್ರಗಳನ್ನು ಹೀಗೆಯೇ ಬಳಸಲಾಗಿತ್ತು. ಆದರೆ ಅದನ್ನು ಬಹುಜನರಿಗೆ ಪರಿಚಯಿಸಿದ ಕೀರ್ತಿ ಬರ್ನ್ಸ್ ಅವರದು. ಇಂದು ಗಣಕಯಂತ್ರದಲ್ಲಿ ಸ್ಥಿರಚಿತ್ರಗಳನ್ನು ಸರಿಸಿ ತೋರಿಸುವ ಕ್ರಮಕ್ಕೆ ಅವರ ಹೆಸರೇ ಅಂಟಿಕೊಂಡಿದೆ. ತೊಗಲುಗೊಂಬೆಯವರ ಪರದೆಯನ್ನು ನೋಡಿ ಬೆಳೆದವರಿಗೆ ಈ ಕಲೆಯ ಗುಟ್ಟು ಬೇಗ ಅರ್ಥವಾದೀತು. ಚಿತ್ರ ಅಲುಗುವುದು ಕೈಯಿಂದ. ಅದಕ್ಕೆ ಜೀವ ಬರುವುದು ದನಿಯಿಂದ.

ಆ ದನಿಗಾಗಿ ಬರ್ನ್ಸ್ ಹೋದದ್ದು ಪತ್ರಗಳಿಗೆ ಮತ್ತು ದಿನಚರಿಗಳಿಗೆ. ರಾಷ್ಟ್ರಾಧ್ಯಕ್ಷರ ಮತ್ತು ಸೇನಾಪತಿಗಳ ಮಾತುಗಳೊಡನೆ ಸಾಮಾನ್ಯರ ಮಾತುಗಳನ್ನೂ ಅವರು ಸಮನಾಗಿ ಕೂರಿಸಿದರು. ಉತ್ತರದ ರೋಡ್ ಐಲೆಂಡಿನ ಎಲೈಷಾ ಹಂಟ್ ರೋಡ್ಸ್ ೧೯ನೆಯ ವಯಸ್ಸಿನಲ್ಲಿ ಸಾಮಾನ್ಯ ಸಿಪಾಯಿಯಾಗಿ ದಂಡಿಗೆ ಸೇರಿ, ಯುದ್ಧ ಮುಗಿಯುವ ವೇಳೆಗೆ ಅದೇ ದಳದ ಮುಖ್ಯಸ್ಥನಾದವನು. ಆತನು ದಿನಚರಿಯನ್ನು ಬರೆದಿಟ್ಟಿದ್ದನು. ದಕ್ಷಿಣದ ಟೆನೆಸಿಯ ಸ್ಯಾಮ್ ವಾಟ್ಕಿನ್ಸ್ ಯುದ್ಧ ಮುಗಿದು ಹದಿನೈದು ವರ್ಷಗಳಾದ ಮೇಲೆ ತನ್ನ ನೆನಪುಗಳನ್ನು ಬರೆದವನು. ಈ ಇಬ್ಬರೂ ಕಂತಿನಿಂದ ಕಂತಿಗೆ ಪ್ರೇಕ್ಷಕನ ಜೊತೆಯಲ್ಲಿ ನಡೆಯುತ್ತಾರೆ. ಹಸಿವು, ಚಳಿ, ಭಯ, ಮನೆಯ ನೆನಪು ಇಬ್ಬರಲ್ಲಿಯೂ ಒಂದೇ. ದಕ್ಷಿಣದ ಶ್ರೀಮಂತ ಮನೆತನದ ಮೇರಿ ಚೆಸ್‌ನಟ್ ಎಂಬ ಮಹಿಳೆಯ ದಿನಚರಿಯೂ, ಗುಲಾಮನಾಗಿ ಹುಟ್ಟಿ, ಕದ್ದುಮುಚ್ಚಿ ಅಕ್ಷರ ಕಲಿತು, ತಪ್ಪಿಸಿಕೊಂಡು ಬಂದು, ಗುಲಾಮಗಿರಿಯ ವಿರುದ್ಧ ಸಿಡಿಲಿನಂತೆ ಗರ್ಜಿಸಿದ ಫ್ರೆಡರಿಕ್ ಡಗ್ಲಾಸನ ಮಾತುಗಳೂ ಅಲ್ಲಿ ಕೇಳಿಬರುತ್ತವೆ. ಡಗ್ಲಾಸನ ಮಾತುಗಳಿಗೆ ಮಾರ್ಗನ್ ಫ್ರೀಮನ್ ಎಂಬ ಪ್ರಸಿದ್ಧ ನಟರು ದನಿ ನೀಡಿದರು.

ಮೊದಲನೆಯ ಕಂತಿನ ಕೊನೆಯಲ್ಲಿ ಬರುವ ಪತ್ರವೊಂದು ಎಷ್ಟೋ ಜನರ ಕಣ್ಣುಗಳನ್ನು ತೇವಗೊಳಿಸಿತು. ಅದನ್ನು ಬರೆದವನು ಸಲಿವನ್ ಬಲೂ ಎಂಬ ವಕೀಲ. ಸೈನ್ಯದಲ್ಲಿ ಮೇಜರ್ ಆಗಿದ್ದವನು. ೧೮೬೧ರ ಜುಲೈ ೧೪ರಂದು ಆತನು ಹೆಂಡತಿ ಸಾರಾಳಿಗೆ ಪತ್ರ ಬರೆದು, ದೇಶದ ಋಣವೂ ಸಂಸಾರದ ಪ್ರೀತಿಯೂ ತನ್ನ ಎದೆಯಲ್ಲಿ ಹೇಗೆ ಸೆಣಸುತ್ತಿವೆಯೆಂಬುದನ್ನು ತೋಡಿಕೊಂಡನು. ಒಂದು ವಾರದ ಬಳಿಕ ಬುಲ್ ರನ್ ಎಂಬಲ್ಲಿ ನಡೆದ ಕದನದಲ್ಲಿ ಗಾಯಗೊಂಡು, ಕೆಲವೇ ದಿನಗಳಲ್ಲಿ ಅಸುನೀಗಿದನು. ಇಂತಹ ಒಂದು ಪತ್ರವು ನೂರು ಅಂಕಿಅಂಶಗಳು ಹೇಳಲಾರದುದನ್ನು ಹೇಳುತ್ತದೆ. ಸತ್ತವರ ಪಟ್ಟಿಯಲ್ಲಿ ಒಂದು ಅಂಕಿಯಾಗಿದ್ದವನು ಮರಳಿ ಒಬ್ಬ ಮನುಷ್ಯನಾಗುತ್ತಾನೆ.

ಗಮಕಿಯ ಪಕ್ಕದಲ್ಲಿ ವ್ಯಾಖ್ಯಾನಕಾರನಿರುವಂತೆ ಈ ಮಾಲಿಕೆಯಲ್ಲಿ ಇತಿಹಾಸಕಾರರಿದ್ದಾರೆ. ದಕ್ಷಿಣದ ಮಿಸಿಸಿಪಿಯವರಾದ, ಯುದ್ಧದ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದ ಕಾದಂಬರಿಕಾರ ಷೆಲ್ಬಿ ಫುಟ್ ಅಜ್ಜನೊಬ್ಬನು ಕಥೆ ಹೇಳುವಂತೆ ಮಾತನಾಡುತ್ತಾರೆ. ಇತಿಹಾಸದ ಪ್ರಾಧ್ಯಾಪಕಿ ಬಾರ್ಬರಾ ಫೀಲ್ಡ್ಸ್, ಗುಲಾಮರು ತಮ್ಮ ಬಿಡುಗಡೆಗಾಗಿ ತಾವೇ ಹೋರಾಡಿದರೆಂಬುದನ್ನೂ, ಸಮಾನತೆಯ ಕೆಲಸ ಇನ್ನೂ ಮುಗಿದಿಲ್ಲವೆಂಬುದನ್ನೂ ನೆನಪಿಸುತ್ತಾರೆ. ಹಿನ್ನೆಲೆಯಲ್ಲಿ ಆ ಕಾಲದ ಹಾಡುಗಳ ಧಾಟಿಗಳು ಕೇಳಿಬರುತ್ತವೆ. ಮತ್ತೆ ಮತ್ತೆ ಬರುವ ಪಿಟೀಲಿನ ಒಂದು ಶೋಕರಾಗ ಮಾತ್ರ ಆ ಕಾಲದ್ದಲ್ಲ. ಅದನ್ನು ಜೇ ಅಂಗರ್ ಎಂಬ ವಾದಕರು ೧೯೮೨ರಲ್ಲಿ ರಚಿಸಿದರು. ಅದನ್ನು ಕೇಳಿದವರಲ್ಲಿ ಅನೇಕರು ಅದು ಯುದ್ಧಕಾಲದ ರಾಗವೆಂದೇ ನಂಬಿದರು. ಕಲೆಯ ಶಕ್ತಿ ಎಷ್ಟು, ಅದನ್ನು ಕುರಿತು ಎಷ್ಟು ಎಚ್ಚರವಿರಬೇಕು ಎಂಬ ಎರಡಕ್ಕೂ ಇದು ನಿದರ್ಶನ.

೧೯೯೦ರ ಸೆಪ್ಟೆಂಬರ್ ೨೩ರಿಂದ ಐದು ರಾತ್ರಿಗಳ ಕಾಲ ಈ ಮಾಲಿಕೆ ಅಮೆರಿಕದ ಸಾರ್ವಜನಿಕ ದೂರದರ್ಶನದಲ್ಲಿ ಪ್ರಸಾರವಾಯಿತು. ಸುಮಾರು ೪ ಕೋಟಿ ಜನ ಅದನ್ನು ನೋಡಿದರೆಂದು ಅಂದಾಜು. ಹಾಡು ಕುಣಿತಗಳಿಲ್ಲದ, ಹಳೆಯ ಕಪ್ಪು ಬಿಳುಪು ಚಿತ್ರಗಳಿಂದ ಕೂಡಿದ ಇತಿಹಾಸದ ಪಾಠವನ್ನು ಇಷ್ಟು ಮಂದಿ ಕುಳಿತು ನೋಡಿಯಾರೆಂದು ಯಾರೂ ಎಣಿಸಿರಲಿಲ್ಲ.

ಆದರೆ ಒಳ್ಳೆಯ ಕೃತಿಯನ್ನು ಮೆಚ್ಚುವುದರ ಜೊತೆಗೆ ಪರೀಕ್ಷಿಸುವುದೂ ಓದುಗನ ಧರ್ಮ. ಮೊದಲನೆಯದಾಗಿ, ಛಾಯಾಚಿತ್ರವು ಎಂದೂ ಸುಳ್ಳು ಹೇಳದೆಂಬುದು ತಪ್ಪು ತಿಳುವಳಿಕೆ. ೧೮೬೩ರ ಜುಲೈಯಲ್ಲಿ ಗೆಟಿಸ್‌ಬರ್ಗ್ ಕದನದ ಅನಂತರ ಗಾರ್ಡ್‌ನರ್ ಮತ್ತು ಆತನ ಸಂಗಡಿಗರು, ಬಂಡೆಗಳ ನಡುವೆ ಸತ್ತು ಮಲಗಿರುವ ದಕ್ಷಿಣದ ಗುರಿಕಾರನೊಬ್ಬನ ಚಿತ್ರವನ್ನು ತೆಗೆದರು. ಅದು ಬಹು ಪ್ರಸಿದ್ಧವಾಯಿತು. ನೂರು ವರ್ಷಗಳಿಗೂ ಮಿಗಿಲಾದ ಮೇಲೆ, ವಿಲಿಯಂ ಫ್ರಾಸನಿಟೊ ಎಂಬ ಸಂಶೋಧಕರು ಚಿತ್ರಗಳನ್ನು ಒಂದರೊಡನೊಂದು ಹೋಲಿಸಿ, ಸ್ಥಳವನ್ನೂ ಪರೀಕ್ಷಿಸಿ, ಆ ಶವವನ್ನು ಬೇರೊಂದು ಜಾಗದಿಂದ ಅಲ್ಲಿಗೆ ತಂದು ಮಲಗಿಸಲಾಗಿತ್ತೆಂದು ೧೯೭೫ರಲ್ಲಿ ತೋರಿಸಿಕೊಟ್ಟರು. ಸಾವು ನಿಜ, ಸಾವಿನ ನೋಟವನ್ನು ಮಾತ್ರ ಜೋಡಿಸಲಾಗಿತ್ತು. ಅಂಕಿಗಳೂ ಹೀಗೆಯೇ. ಯುದ್ಧದಲ್ಲಿ ಮಡಿದವರು ಸುಮಾರು ೬ ಲಕ್ಷ ೨೦ ಸಾವಿರವೆಂದು ಬಹುಕಾಲ ಹೇಳಲಾಗುತ್ತಿತ್ತು. ೨೦೧೧ರಲ್ಲಿ ಡೇವಿಡ್ ಹ್ಯಾಕರ್ ಎಂಬ ವಿದ್ವಾಂಸರು ಜನಗಣತಿಯ ದಾಖಲೆಗಳನ್ನು ಪರಿಶೀಲಿಸಿ, ಆ ಸಂಖ್ಯೆ ಏಳೂವರೆ ಲಕ್ಷದಷ್ಟು ಇದ್ದಿರಬಹುದೆಂದು ತಿಳಿಸಿದರು. ಇತಿಹಾಸವು ಒಮ್ಮೆ ಬರೆದು ಮುಗಿಸುವ ಲೆಕ್ಕವಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪಣೆಯೊಂದನ್ನು ಅಮೆರಿಕದ ಇತಿಹಾಸಕಾರರೇ ಎತ್ತಿದರು. ೧೯೯೬ರಲ್ಲಿ ಪ್ರಕಟವಾದ ಒಂದು ಪುಸ್ತಕದಲ್ಲಿ ಅವರ ವಿಮರ್ಶೆಗಳೂ ಬರ್ನ್ಸ್ ಅವರ ಉತ್ತರವೂ ಒಟ್ಟಿಗೆ ಅಚ್ಚಾದುವು. ಕದನಗಳಿಗೆ ದೊರೆತಷ್ಟು ಎಡೆ ಹೆಂಗಸರ ಬದುಕಿಗೆ ದೊರೆಯಲಿಲ್ಲ. ಫುಟ್ ಅವರ ಸವಿಮಾತಿಗೆ ಮೀಸಲಾದಷ್ಟು ಕಾಲ ಗುಲಾಮಗಿರಿಯನ್ನು ವಿವರಿಸುವವರಿಗೆ ಸಿಗಲಿಲ್ಲ. ಯುದ್ಧದ ಅನಂತರ ಬಿಡುಗಡೆ ಪಡೆದವರ ಹಕ್ಕುಗಳನ್ನು ದಕ್ಷಿಣದಲ್ಲಿ ಮತ್ತೆ ಕಿತ್ತುಕೊಂಡ ಕಥೆಯನ್ನು ಹೇಳದೆ, ಮುಪ್ಪಿನ ಸೈನಿಕರು ಪರಸ್ಪರ ಕೈಕುಲುಕುವ ದೃಶ್ಯಗಳಿಗೆ ಮಹತ್ವ ಕೊಡಲಾಯಿತು. ಇವು ಅವರ ಮುಖ್ಯ ಆಕ್ಷೇಪಗಳು. ಅಣ್ಣತಮ್ಮಂದಿರು ಮತ್ತೆ ಒಂದಾದರೆಂಬ ಸಮಾಧಾನ ಕೇಳಲು ಹಿತವಾದುದು. ಆದರೆ ಆ ಜಗಳ ಯಾರ ಬಿಡುಗಡೆಯ ಪ್ರಶ್ನೆಯಿಂದ ಹುಟ್ಟಿತೋ ಅವರು ಆ ಕೈಕುಲುಕುವಿಕೆಯಲ್ಲಿ ಎಲ್ಲಿದ್ದರು? ಉತ್ತರದ ಸೈನ್ಯದಲ್ಲಿ ಸುಮಾರು ೧ ಲಕ್ಷ ೮೦ ಸಾವಿರ ಮಂದಿ ಕರಿಯರು ಹೋರಾಡಿದ್ದರು. ಒಕ್ಕೂಟವನ್ನು ಬಿಟ್ಟುಹೋದ ಹಲವು ರಾಜ್ಯಗಳು ಗುಲಾಮಗಿರಿಯ ರಕ್ಷಣೆಯೇ ತಮ್ಮ ಉದ್ದೇಶವೆಂದು ತಾವೇ ಘೋಷಿಸಿದ್ದುವು. ಎರಡು ಪಕ್ಷಗಳ ಸಿಪಾಯಿಗಳ ನೋವು ಒಂದೇ ಆಗಿರಬಹುದು. ಎರಡು ಪಕ್ಷಗಳ ಧ್ಯೇಯ ಒಂದೇ ಆಗಿರಲಿಲ್ಲ. ನೋವಿಗೆ ಮರುಗುತ್ತಲೇ ನ್ಯಾಯ ಅನ್ಯಾಯಗಳನ್ನು ಬೇರ್ಪಡಿಸಿ ಹೇಳುವುದು ಇಂತಹ ಕಥೆಗಾರನ ಅತ್ಯಂತ ಕಠಿಣವಾದ ಕರ್ತವ್ಯ.

ಕನ್ನಡ ನಾಡಿನ ಇತಿಹಾಸದಲ್ಲಿಯೂ ಇಂತಹ ಪರೀಕ್ಷೆಯನ್ನು ಒಡ್ಡುವ ಪ್ರಸಂಗಗಳಿವೆ. ೧೮೩೦-೩೧ರಲ್ಲಿ ಮೈಸೂರು ಸಂಸ್ಥಾನದ ನಗರ ಪ್ರಾಂತದಲ್ಲಿ ಕಂದಾಯದ ಹೊರೆಯನ್ನೂ ಅಧಿಕಾರಿಗಳ ಕಿರುಕುಳವನ್ನೂ ತಾಳಲಾರದೆ ರೈತರು ಕೂಟ ಕಟ್ಟಿ ದಂಗೆಯೆದ್ದರು. ಬೂದಿ ಬಸವಪ್ಪನು ತಾನೇ ನಗರದ ಸಿಂಹಾಸನಕ್ಕೆ ಹಕ್ಕುದಾರನೆಂದು ಸಾರಿದನು. ದಂಗೆಯನ್ನು ಅಡಗಿಸಲು ಸಂಸ್ಥಾನದ ಸೈನ್ಯಕ್ಕೆ ಇಂಗ್ಲಿಷರ ಸೈನ್ಯವೂ ನೆರವಾಯಿತು. ೧೮೩೧ರಲ್ಲಿ ಆಡಳಿತವು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಇಂಗ್ಲಿಷರ ಕೈಗೆ ಹೋಯಿತು. ಅದು ಅರಸುಮನೆತನಕ್ಕೆ ಮರಳಿದ್ದು ೧೮೮೧ರಲ್ಲಿ. ಈ ದಂಗೆಯ ಮೇಲೆ ಯಾರಾದರೂ ಸಾಕ್ಷ್ಯಚಿತ್ರವನ್ನು ತೆಗೆಯಲೆಳಸಿದರೆ ಏನನ್ನು ತೋರಿಸಬೇಕು? ಛಾಯಾಚಿತ್ರವಿದ್ಯೆಯು ಲೋಕಕ್ಕೆ ಬಹಿರಂಗವಾದುದೇ ೧೮೩೯ರಲ್ಲಿ. ದಂಗೆಯ ಕಾರಣಗಳನ್ನು ವಿಚಾರಿಸಲು ಇಂಗ್ಲಿಷ್ ಸರಕಾರ ನೇಮಿಸಿದ ಸಮಿತಿಯ ೧೮೩೩ರ ವರದಿ ಇದೆ. ಅದು ಅಧಿಕಾರಿಗಳ ಬರಹ. ಕೂಟಕ್ಕೆ ಸೇರಿದ ರೈತನಾಗಲಿ, ಮನೆಯಲ್ಲಿ ಉಳಿದ ಅವನ ಹೆಂಡತಿಯಾಗಲಿ, ಅವನ ಮೇಲೆ ಕೋವಿ ಎತ್ತಿದ ಬಡ ಸಿಪಾಯಿಯಾಗಲಿ ಬರೆದಿಟ್ಟ ದಿನಚರಿಗಳು ನಮ್ಮ ಕೈಗೆ ಬಂದಿಲ್ಲ. ಹೀಗಿರುವಾಗ ಕಥೆಗಾರನು ಹಳೆಯ ಕಡತಗಳನ್ನು ಬಿಚ್ಚಬೇಕು, ಕೋಟೆ ಕೆರೆಗಳ ನಡುವೆ ತಿರುಗಬೇಕು, ಮನೆತನಗಳ ನೆನಪುಗಳಿಗೆ ಕಿವಿಗೊಡಬೇಕು. ದೊರೆತ ಪ್ರತಿಯೊಂದು ಮಾತನ್ನೂ ‘ಇದನ್ನು ಹೇಳಿದವರು ಯಾರು, ಯಾರ ಹಿತಕ್ಕಾಗಿ ಹೇಳಿದರು?’ ಎಂದು ಪ್ರಶ್ನಿಸಬೇಕು. ದನಿಯಿಲ್ಲದ ಕಡೆ ಸುಳ್ಳು ದನಿಯನ್ನು ಹುಟ್ಟಿಸದೆ, ಇಲ್ಲಿ ಒಂದು ದನಿ ಇರಬೇಕಾಗಿತ್ತು ಎಂಬುದನ್ನಾದರೂ ನೋಡುವವರಿಗೆ ತಿಳಿಸಬೇಕು.

ಈ ಕೆಲಸವನ್ನು ದೊಡ್ಡ ನಗರದ ಚಿತ್ರಸಂಸ್ಥೆಯೇ ಮಾಡಬೇಕೆಂದಿಲ್ಲ. ಮಾಯಸಂದ್ರದಂತಹ ಊರಿನ ಒಬ್ಬ ವಿದ್ಯಾರ್ಥಿಯೂ ಅದನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಬಹುದು. ನೀರಿಗಾಗಿ, ಗಡಿಗಲ್ಲಿಗಾಗಿ, ದೇವರ ಉತ್ಸವದ ಮರ್ಯಾದೆಗಾಗಿ ನಡೆದ ಹಳೆಯ ಜಗಳಗಳ ನೆನಪು ಹಳ್ಳಿಗಳಲ್ಲಿ ಅಪರೂಪವಲ್ಲ. ತೋಟದ ಒಡೆಯ ಹೇಳುವುದು ಒಂದು, ತೆಂಗಿನಕಾಯಿ ಸುಲಿಯುವ ಕೂಲಿಯವನು ಹೇಳುವುದು ಇನ್ನೊಂದು, ಊರ ಹೊರಗಿನ ಕೇರಿಯ ಅಜ್ಜಿ ಹೇಳುವುದು ಮತ್ತೊಂದು. ಮೂವರ ಬಳಿಗೂ ಹೋಗಿ, ಮೂವರ ಮಾತನ್ನೂ ತಿದ್ದದೆ ಬರೆದುಕೊಂಡು, ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದಾಗ ಸತ್ಯವು ತನ್ನ ಮುಖವನ್ನು ಸ್ವಲ್ಪಸ್ವಲ್ಪವಾಗಿ ತೋರಿಸುತ್ತದೆ. ಮೂವರಲ್ಲಿ ಅಜ್ಜಿಯ ಮಾತನ್ನು ಬಿಟ್ಟರೂ ಕಥೆ ಅಂದವಾಗಿಯೇ ಕಂಡೀತು. ಆದರೆ ಅದು ಅರ್ಧಕಥೆಯಾದೀತು.

ಒಡೆದ ಮನೆಯನ್ನು ಮತ್ತೆ ಕಟ್ಟುವುದಕ್ಕೆ ಮೊದಲು ಅದು ಒಡೆದುದೇಕೆಂದು ತಿಳಿಯಬೇಕು. ಮನೆಯಲ್ಲಿ ಬಾಳಿದ ಎಲ್ಲರ ಮಾತನ್ನೂ ಕೇಳಿದ ಹೊರತು ಅದು ತಿಳಿಯುವುದಿಲ್ಲ. ಹಿಂದಿನ ಜಗಳದ ಕಥೆಯನ್ನು ಹೇಳುವುದು ಹಳೆಯ ಹಗೆಯನ್ನು ಕೆದಕಲಿಕ್ಕಲ್ಲ, ಹಳೆಯ ಅನ್ಯಾಯವನ್ನು ಮುಚ್ಚಿಹಾಕಲಿಕ್ಕೂ ಅಲ್ಲ. ಅದೇ ಮನೆಯಲ್ಲಿ ಮುಂದೆ ಬಾಳಬೇಕಾದವರು ಒಬ್ಬರ ಕಣ್ಣನ್ನು ಒಬ್ಬರು ನೇರವಾಗಿ ನೋಡುವಂತಾಗಲಿ ಎಂಬುದೇ ಅದರ ಗುರಿ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
೧. ಅಂತರ್ಯುದ್ಧವು ಇತರ ಯುದ್ಧಗಳಿಗಿಂತ ದಾರುಣವಾದುದೇಕೆ?
೨. ಅಂತರ್ಯುದ್ಧ ಕಾಲದ ಕ್ಯಾಮರಾಕ್ಕೆ ಓಡುವ ಕುದುರೆಯ ಚಿತ್ರವನ್ನು ತೆಗೆಯಲು ಏಕೆ ಸಾಧ್ಯವಾಗುತ್ತಿರಲಿಲ್ಲ?

ಆ) ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ:
೧. ಕೆನ್ ಬರ್ನ್ಸ್ ಅವರಿಗೆ ಎದುರಾದ ಎರಡು ತೊಡಕುಗಳಾವುವು? ಅವನ್ನು ಅವರು ಹೇಗೆ ನಿವಾರಿಸಿದರು?
೨. ಗಮಕ ವಾಚನಕ್ಕೂ ಈ ಸಾಕ್ಷ್ಯಚಿತ್ರ ಮಾಲಿಕೆಗೂ ಇರುವ ಹೋಲಿಕೆಯನ್ನು ವಿವರಿಸಿರಿ.
೩. ‘ಎರಡು ಪಕ್ಷಗಳ ಸಿಪಾಯಿಗಳ ನೋವು ಒಂದೇ ಆಗಿರಬಹುದು, ಎರಡು ಪಕ್ಷಗಳ ಧ್ಯೇಯ ಒಂದೇ ಆಗಿರಲಿಲ್ಲ.’ ಈ ಮಾತಿನ ಅರ್ಥವನ್ನು ಸ್ಪಷ್ಟಪಡಿಸಿರಿ.

ಇ) ನಿಮ್ಮ ಊರಿನ ಹಳೆಯ ಘಟನೆಯೊಂದನ್ನು ಕುರಿತು ಮೂವರು ಹಿರಿಯರನ್ನು ಕೇಳಿ, ಅವರ ಮಾತುಗಳಲ್ಲಿ ಎಲ್ಲಿ ಒಮ್ಮತವಿದೆ, ಎಲ್ಲಿ ಭಿನ್ನತೆಯಿದೆ ಎಂಬುದನ್ನು ಬರೆಯಿರಿ.